ಚೆಂಡು ಪುಟಿಯದ ಊರಿನಲ್ಲಿ

ಪರದೇಶಕ್ಕೆ ಹೋಗಿ ಬಂದೆ ಎಂದರೆ ನಮ್ಮ ಮೈಸೂರಿನ ಬೀದಿಯ ಹೆಂಗಸರು ಮುಸಿಮುಸಿ ನಗುತ್ತಾರೆ. ಹಡಗು ಹತ್ತಿಲ್ಲ, ಸಮುದ್ರ ಕಂಡಿಲ್ಲ, ಅದೆಂಥ ಪರದೇಶ ಎಂದು ಅವರ ಪ್ರಶ್ನೆ. ನಮ್ಮ ಮಹಾರಾಜರ ಸೀಮೆ ದಾಟಿ, ಇಂಗ್ಲಿಷರ ಸೀಮೆಯನ್ನು ಉದ್ದಕ್ಕೂ ಹಾದು, ಇನ್ನೊಬ್ಬ ಮಹಾರಾಜರ ಸೀಮೆಗೆ ಕಾಲಿಟ್ಟಾಗ ಅಲ್ಲಿ ಬೆಳಗ್ಗೆ ಒಂದು ಲೋಟ ಕಾಫಿ ಕೊಡುವವರು ಯಾರೂ ಇಲ್ಲ ಎಂದಾದರೆ ಅದು ಪರದೇಶವಲ್ಲದೆ ಇನ್ನೇನು ಎಂದು ನಾನು ಕೇಳುತ್ತೇನೆ. ಕೊಲ್ಲಾಪುರ ಸಂಸ್ಥಾನಕ್ಕೆ ನಾವು ಹೋದದ್ದು ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಒಂದು ಚಳಿಗಾಲದಲ್ಲಿ. ಹೋದವರು ನಾನು, ನಮ್ಮವರು, ಮತ್ತು ನನ್ನ ಸವತಿ. ಸವತಿ ಎಂದರೆ ಬ್ಯಾಸ್ಕೆಟ್‌ಬಾಲು.

ನಮ್ಮವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣ ಕಲಿಯುವಾಗ ಈ ಆಟ ಅವರಿಗೆ ಅಂಟಿಕೊಂಡಿತು. ಜ್ವರ ಅಂಟಿದರೆ ಒಂದು ದಿನ ಬಿಡುತ್ತದೆ, ಇದು ಬಿಡಲಿಲ್ಲ. ಊರೆಲ್ಲ ಕ್ರಿಕೆಟ್ಟು, ಫುಟ್‌ಬಾಲು, ಹಾಕಿ ಎಂದು ಓಡುತ್ತಿದ್ದರೆ ಇವರು ಮೈದಾನದ ಮೂಲೆಯಲ್ಲಿ ಎರಡು ಕಂಬ ನೆಟ್ಟು, ಅದರ ತುದಿಗೆ ಕಬ್ಬಿಣದ ಬಳೆ ಸಿಕ್ಕಿಸಿ, ಸಿಕ್ಕಿದ ಹುಡುಗರನ್ನೆಲ್ಲ ಹಿಡಿದು ಚೆಂಡು ಎಸೆಯಿಸುತ್ತಿದ್ದರು. ಹಿಂದಿನ ವರ್ಷ ಅವರ ಎದೆಯಲ್ಲಿ ನೀರು ತುಂಬಿತು. ಪಕ್ಕೆಗೆ ದಪ್ಪ ಸೂಜಿ ಚುಚ್ಚಿ ಅದನ್ನು ತೆಗೆದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಇನ್ನು ಓಡಬಾರದು, ಎದೆಗೆ ಪೆಟ್ಟು ಬೀಳಬಾರದು. ಬಿದ್ದರೆ ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲಮ್ಮ,” ಎಂದರು. ನಾನು ಮೊದಲೇ ಪುಕ್ಕಲಿ, ಹಗ್ಗ ಕಂಡರೂ ಹಾವು ಎನ್ನುವವಳು. ಅವತ್ತಿನಿಂದ ರಾತ್ರಿ ಎದ್ದು ಅವರ ಉಸಿರು ಕೇಳುವುದೇ ನನ್ನ ಕೆಲಸವಾಯಿತು.

ಅಂಥ ಹೊತ್ತಿನಲ್ಲಿ ಇಚಲಕರಂಜಿಯ ಅಪ್ಪಣ್ಣನವರು ಬಂದರು. ಮಗ್ಗದ ಕಾರಖಾನೆ ಇಟ್ಟುಕೊಂಡ ಜೈನ ಸಾಹುಕಾರರು. ನೂಲಿನ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದಾಗ ಈ ಆಟ ನೋಡಿ ಮರುಳಾಗಿದ್ದರು. ನಮ್ಮ ಜಗುಲಿಯ ಮೇಲೆ ಕೂತು, “ಮಾಸ್ತರ್ರ, ನಮ್ಮ ಕಡೆ ಬಂದು ಒಮ್ಮೆ ಇದನ್ನ ತೋರಿಸಿ ಹೋಗ್ರಿ. ನಮ್ಮಲ್ಲಿ ಕುಸ್ತಿ ಬಿಟ್ರ ಮಂದಿ ಬ್ಯಾರೆ ಆಟಾನ ಕಂಡಿಲ್ಲ,” ಎಂದರು.

ಕುಸ್ತಿ ಎಂಬ ಮಾತು ಕೇಳಿದ್ದೇ ನಾನು ಹೆದರಿ ನಮ್ಮವರ ಮುಖ ನೋಡಿದೆ. ಅವರ ಕಣ್ಣು ಮಾತ್ರ ದೀಪ ಹಚ್ಚಿದ ಹಾಗೆ ಹೊತ್ತಿಕೊಂಡಿತ್ತು.

“ನಾನೂ ಬರ್ತೀನಿ,” ಅಂದೆ.

“ನೀನ್ಯಾಕೆ?”

“ನಿಮ್ಮ ಶಿಳ್ಳೆ ಹೊರೋಕೆ.”

ಒಪ್ಪಂದವಾಯಿತು. ಅವರು ಶಿಳ್ಳೆ ಊದಬಹುದು, ಬಾಯಲ್ಲಿ ಹೇಳಿಕೊಡಬಹುದು. ಓಟವಿಲ್ಲ, ಆಟವಿಲ್ಲ. ಬೆಟ್ಟದ ಕಡೆ ತಿರುಗಿಸಿ ಚಾಮುಂಡಿಗೆ ಕೈಮುಗಿಸಿ ಮಾತು ತೆಗೆದುಕೊಂಡೆ. ಅವರೂ ನನ್ನಿಂದ ಒಂದು ಮಾತು ತೆಗೆದುಕೊಂಡರು: “ಕಾಯಿಲೆ ವಿಷಯ ಅಲ್ಲಿ ಯಾರ ಹತ್ರಾನೂ ಬಾಯಿ ಬಿಡಬೇಡ. ರೋಗಿಷ್ಠನ ಹತ್ರ ಯಾರೂ ಆಟ ಕಲಿಯಲ್ಲ.” ನಾನು ಕೋಲೆಬಸವನ ಹಾಗೆ ತಲೆಯಾಡಿಸಿದೆ.

ಮಿರಜ

ಮಿರಜಿನಲ್ಲಿ ಗಾಡಿ ಬದಲಾಯಿಸಬೇಕು. ಅಲ್ಲಿ ಇಳಿದ ಕೂಡಲೇ ನಾನು ಕಿವುಡಿಯಾದೆ. ಸುತ್ತಲೂ ಮರಾಠಿ. ಯಾರು ಬೈಯುತ್ತಿದ್ದಾರೆ, ಯಾರು ಕುಶಲ ಕೇಳುತ್ತಿದ್ದಾರೆ ಎಂಬುದೇ ಗೊತ್ತಾಗದು. ಕೂಲಿಯವನು ನನ್ನ ಹಾಸಿಗೆ ಸುರುಳಿ ಎತ್ತಿಕೊಂಡು ಓಡತೊಡಗಿದಾಗ ಕಳ್ಳನೆಂದು ತಿಳಿದು ನಾನು ಅವನ ಹಿಂದೆ ಓಡಿದೆ. ಕೊಲ್ಲಾಪುರದ ಗಾಡಿ ಆಚೆ ಕಡೆ ಹೊರಡಲು ನಿಂತಿತ್ತಂತೆ, ಅದಕ್ಕೆ ಅವನ ಅವಸರ. ನನ್ನ ಹಿಂದೆ ನಮ್ಮವರೂ ಓಡಿಬಂದರು, ಹೆಗಲಿಗೆ ಎರಡು ಕಬ್ಬಿಣದ ಬಳೆ ನೇತುಹಾಕಿಕೊಂಡು. ಗಾಡಿ ಹತ್ತಿ ಕೂತ ಮೇಲೆ ನಾನು ನೋಡಿದ್ದು ಅವರ ಮುಖವನ್ನಲ್ಲ, ಎದೆಯನ್ನು. ಅದು ಏಳುತ್ತಿತ್ತು, ಬೀಳುತ್ತಿತ್ತು, ಬೇಕಾದ್ದಕ್ಕಿಂತ ಜೋರಾಗಿ.

“ಓಡಬಾರದು ಅಂದಿದ್ರು,” ಎಂದೆ.

“ನೀನು ಕಳ್ಳನ್ನ ಹಿಡಿಯೋಕೆ ಹೋದ್ರೆ ನಾನು ನಿಂತು ನೋಡ್ಲಾ?” ಎಂದು ಅವರು ನಕ್ಕರು. ನಗುವ ನಡುವೆ ಒಂದು ಸಣ್ಣ ಕೆಮ್ಮು ಬಂತು. ಆ ಕೆಮ್ಮು ಹಾತಕಣಂಗಲೆ ಸ್ಟೇಶನ್ನಿನವರೆಗೂ ನನ್ನ ಹೊಟ್ಟೆಯೊಳಗೇ ಕೂತಿತ್ತು.

ಡಬ್ಬಿಯಲ್ಲಿದ್ದ ರೈತರಿಗೆಲ್ಲ ಆ ಬಳೆಗಳದೇ ಚಿಂತೆ. ಕೆಂಪು ರುಮಾಲಿನ ಮುದುಕನೊಬ್ಬ ಬಹಳ ಹೊತ್ತು ನೋಡಿ, ನನಗೆ ತಿಳಿಯುವ ಕನ್ನಡದಲ್ಲೇ ಕೇಳಿದ: “ಹಂಡೇದ ಬುಡಕ ಇಡು ಸಿಂಬಿ ಏನ್ರಿ ಇದು?”

ನಮ್ಮವರು ಉತ್ಸಾಹದಿಂದ ವಿವರಿಸಿದರು: ಇದನ್ನು ಎತ್ತರದ ಕಂಬಕ್ಕೆ ಸಿಕ್ಕಿಸುತ್ತಾರೆ, ಚೆಂಡನ್ನು ಮೇಲಿನಿಂದ ಇದರೊಳಗೆ ಹಾಕುತ್ತಾರೆ, ಅದು ಕೆಳಗೆ ಬೀಳುತ್ತದೆ. ಮುದುಕ ಪೂರ್ತಿ ಕೇಳಿಸಿಕೊಂಡ. “ಬೀಳೂದಾದರ ಹಾಕೂದ್ಯಾಕ್ರಿ?” ಎಂದ.

ಮದುವೆಯಾದಂದಿನಿಂದ ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದು.

ಇಚಲಕರಂಜಿ

ಅಪ್ಪಣ್ಣನವರ ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಹೊಟ್ಟೆ ಹಸಿದು ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಕೈಕಾಲು ತೊಳೆದು ಕೂತೆವು. ಅಡುಗೆಮನೆಯಲ್ಲಿ ಒಲೆ ಆರಿಸಿ ಸಾರಿಸಿದ್ದು ಕಾಣಿಸಿತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಕತ್ತಲಲ್ಲಿ ಹುಳುಹುಪ್ಪಟೆಗೆ ಹಿಂಸೆಯಾಗಬಾರದು ಎಂಬ ಧರ್ಮ. ಅಪ್ಪಣ್ಣನವರ ಹೆಂಡತಿ ತಾರಾಬಾಯಿ ಬಂದು, “ನೀವು ಪಾವಣೇರು, ಮನಿಗಿ ಬಂದ ಮಂದಿ, ನಿಮಗ ಅಡಚಣಿಲ್ಲರಿ ಅಕ್ಕಾರ, ಒಲಿ ಹಚ್ಚತೇನಿ,” ಎಂದಳು. ನಾನು ದೊಡ್ಡಸ್ತಿಕೆಯಿಂದ “ಬೇಡಮ್ಮ, ದಾರೀಲೇ ಆಯ್ತು” ಎಂದುಬಿಟ್ಟೆ. ನಮ್ಮವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಆ ಮನೆಯ ಧರ್ಮ ಒಂದು ವಿಷಯದಲ್ಲಿ ಮಾತ್ರ ನನ್ನ ಪಕ್ಷ ವಹಿಸಿತು. ಚೆಂಡು ತೊಗಲಿನದು. ತೊಗಲು ಹೊಸ್ತಿಲು ದಾಟುವ ಹಾಗಿಲ್ಲ. ಸವತಿಯನ್ನು ಹಿತ್ತಲ ಗೋಡೆಯ ಗೂಟಕ್ಕೆ ನೇತುಹಾಕಿದರು. ಮೈಸೂರಿನಲ್ಲಿ ಅದು ನಮ್ಮ ಮಂಚದ ಕೆಳಗೆ ಇರುತ್ತಿತ್ತು. ತಾರಾಬಾಯಿಗೆ ನಾನು ಮನಸ್ಸಿನಲ್ಲೇ ಅರಿಶಿನ ಕುಂಕುಮ ಕೊಟ್ಟೆ.

ಇಚಲಕರಂಜಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಖಟಖಟ, ಖಟಖಟ. ಮೊದಲ ದಿನ ತಲೆನೋವು ಬಂತು, ಎರಡನೆಯ ದಿನ ಅದು ನಿಂತರೆ ಏನಾಯಿತೋ ಎಂದು ಗಾಬರಿಯಾಗತೊಡಗಿತು. ಸಂಜೆ ಮಗ್ಗ ಬಿಟ್ಟವರು, ಪಕ್ಕದ ಯಡ್ರಾವದಿಂದ ನಡೆದು ಬಂದವರು, ಕಾರಖಾನೆಯ ಹಿಂದಿನ ಬಯಲಿನಲ್ಲಿ ಸೇರುತ್ತಿದ್ದರು. ನಮ್ಮವರು ಬಲೆ ತರಲು ಮರೆತಿದ್ದರು. ನೂಲಿನ ಊರಿನಲ್ಲಿ ಬಲೆಗೇನು ಬರ? ನೇಕಾರರು ಒಂದೇ ಹೊತ್ತಿನಲ್ಲಿ ಗಟ್ಟಿ ದಾರದಿಂದ ಎರಡು ಬಲೆ ಹೆಣೆದು ಬಳೆಗೆ ಕಟ್ಟಿದರು. ಅಷ್ಟು ಅಂದವಾದ ಬಲೆಯನ್ನು ಮದರಾಸಿನಲ್ಲೂ ನೋಡಿಲ್ಲ ಎಂದು ನಮ್ಮವರು ಹೊಗಳಿದ್ದೇ ಹೊಗಳಿದ್ದು. ಮೊದಲ ಚೆಂಡು ಒಳಗೆ ಹೋಯಿತು. ಅಲ್ಲೇ ನಿಂತಿತು. ನೇಕಾರರು ಬಲೆಯ ಬುಡವನ್ನು ಚೀಲದ ಹಾಗೆ ಹೊಲಿದುಬಿಟ್ಟಿದ್ದರು.

“ಕಷ್ಟಪಟ್ಟು ಹಾಕಿದ್ದು ಬೀಳಬಾರದಲ್ರಿ,” ಎಂದು ಅವರಲ್ಲಿ ಹಿರಿಯನೊಬ್ಬ ಹೇಳಿದ. ಏಣಿ ತಂದು ಚೆಂಡು ಇಳಿಸಿದರು, ಬುಡ ಬಿಚ್ಚಿಸಿದರು. ರೈಲಿನ ಮುದುಕನ ನೆಂಟರೇ ಊರೆಲ್ಲ ಇದ್ದಾರೆ ಎಂದುಕೊಂಡೆ.

ಆದರೆ ಆ ಜನರ ಕೈ ಚುರುಕು. ಇಡೀ ದಿನ ಲಾಳಿಯ ಮೇಲೆ ಕಣ್ಣಿಟ್ಟವರಿಗೆ ಚೆಂಡು ಹಿಡಿಯುವುದು ಒಂದು ಲೆಕ್ಕವೇ ಅಲ್ಲ. ಅವರು ಹಿಡಿಯುವುದನ್ನು ನೋಡಿ ನೋಡಿ ನಮ್ಮವರಿಗೆ ತಡೆಯಲಾಗಲಿಲ್ಲ. ಮನೆಯ ಹಿತ್ತಲು ಆ ಬಯಲಿಗೇ ತೆರೆದಿತ್ತು, ನಾನು ಅಲ್ಲಿಂದ ನೋಡುತ್ತಿದ್ದೆ. ಶಿಳ್ಳೆಯನ್ನು ಜೇಬಿಗೆ ಹಾಕಿದರು, ಎರಡು ಹೆಜ್ಜೆ ಓಡಿದರು, ಹಾರಿ ಚೆಂಡು ಎಸೆದರು. ಚೆಂಡು ಬಳೆಯೊಳಗೆ ಬಿತ್ತು. ಇಳಿದವರ ಎಡಗೈ ಪಕ್ಕೆಗೆ ಹೋಯಿತು, ಸೂಜಿ ಚುಚ್ಚಿದ ಜಾಗಕ್ಕೆ.

ಒಳಗೆ ಬಂದಾಗ ಕೇಳಿದೆ. “ಏನಿಲ್ಲ, ಹುಳ ಕಚ್ಚಿತು,” ಎಂದರು. ಹುಳುಗಳಿಗೆ ಅಷ್ಟೊಂದು ದಯೆ ತೋರುವ ಮನೆಯಲ್ಲಿ ಕೂತು ಅವುಗಳ ಮೇಲೆ ಸುಳ್ಳು ಆರೋಪ ಹೊರಿಸಿದರು.

ಆ ದಿನವೇ ಅಪ್ಪಣ್ಣನವರು ಮುಂದಿನ ಮಾತು ತೆಗೆದರು. ಮಗ್ಗದವರು ಆಡಿದರೆ ಊರು ನೋಡುವುದಿಲ್ಲ. ಈ ಸೀಮೆಯಲ್ಲಿ ಪೈಲವಾನರು ಒಪ್ಪಿದ್ದೇ ಆಟ. ಅಪ್ಪಣ್ಣನವರ ಮೈದುನ ಗಡಹಿಂಗ್ಲಜದಲ್ಲಿ ಹೆಡ್‌ಮಾಸ್ತರು, ಅಲ್ಲಿಯ ಶಾಲೆಯ ಹುಡುಗರು ಅಪ್ಪಣ್ಣನವರ ಕಾಗದ ಓದಿ ಆಗಲೇ ಚೆಂಡು ಎಸೆದು ಹಿಡಿಯುವಷ್ಟು ಕಲಿತಿದ್ದಾರೆ. ಕೊಲ್ಲಾಪುರದ ತಾಲೀಮಿನ ಪೈಲವಾನರನ್ನು ಕರೆತಂದು ಆ ಹುಡುಗರ ಎದುರು ಆಡಿಸಿದರೆ ಸುತ್ತಿನ ಹಳ್ಳಿಯೆಲ್ಲ ಸೇರುತ್ತದೆ.

“ಪೈಲವಾನರ ಎದುರು ಶಾಲೆ ಹುಡುಗರೇ?” ಎಂದೆ ನಾನು.

“ಕಾಳಜಿ ಮಾಡಬ್ಯಾಡ್ರಿ ವೈನಿ. ಇದು ಮೈ ಮುಟ್ಟೂ ಆಟ ಅಲ್ಲಂತ ಮಾಸ್ತರ್ರ ಹೇಳ್ಯಾರ.”

ಕೊಲ್ಲಾಪುರ

ಕೊಲ್ಲಾಪುರದ ಬೀದಿಯಲ್ಲಿ ಎಮ್ಮೆಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಕುಡಿಯುವವರ ಕಣ್ಣೆದುರೇ ಕರೆದು ನೊರೆಹಾಲನ್ನು ದೊಡ್ಡ ಚೊಂಬಿಗೆ ತುಂಬಿ ಕೊಡುತ್ತಾರೆ. ಜನ ಅಲ್ಲೇ ನಿಂತು ಗಟಗಟ ಕುಡಿದು, ಮೀಸೆ ಒರೆಸಿ ಹೋಗುತ್ತಾರೆ. ನನಗೂ ಒಂದು ಚೊಂಬು ಬಂತು. ಅದರಲ್ಲಿ ನಮ್ಮ ಮನೆಯ ಎಲ್ಲರಿಗೂ ಎರಡು ದಿನಕ್ಕಾಗುವ ಕಾಫಿಗೆ ಬೇಕಾದ ಹಾಲಿತ್ತು. ಡಿಕಾಕ್ಷನ್ ಇಲ್ಲದೆ ಅಷ್ಟು ಹಾಲು ನೋಡಿ ನನಗೆ ಅಳುವೇ ಬಂತು.

ಆ ಹಾಲು ಎಲ್ಲಿಗೆ ಹೋಗುತ್ತದೆ ಎಂದು ತಾಲೀಮಿನ ಎದುರು ತಿಳಿಯಿತು. ತಾಲೀಮು ಎಂದರೆ ಅವರ ಗರಡಿಮನೆ. ಬಾಗಿಲಲ್ಲಿ ಬಗ್ಗಿ ಬರುತ್ತಿದ್ದ ಆಳುಗಳ ಕುತ್ತಿಗೆ ನನ್ನ ಸೊಂಟದಷ್ಟಿತ್ತು, ಕಿವಿಗಳು ಜಜ್ಜಿ ಮುದ್ದೆಯಾಗಿದ್ದವು. ಹೆಂಗಸರು ಒಳಗೆ ಹೋಗುವ ಹಾಗಿಲ್ಲ. ನಾನು ಎದುರಿನ ಕಟ್ಟೆಯ ಮೇಲೆ ಕೂತೆ. ನಮ್ಮವರು ಅಪ್ಪಣ್ಣನವರ ಜೊತೆ ಒಳಗೆ ಹೋದರು, ಕೈಯಲ್ಲಿ ಚೆಂಡು ಹಿಡಿದುಕೊಂಡು, ದೇವಸ್ಥಾನಕ್ಕೆ ಹಣ್ಣು ಒಯ್ಯುವವರ ಹಾಗೆ.

ಒಳಗಿನಿಂದ ತೊಡೆ ತಟ್ಟುವ ಸದ್ದು ಬರುತ್ತಿತ್ತು. ಆಮೇಲೆ ನಗು. ಆಮೇಲೆ ಧೊಪ್ಪನೆ ಏನೋ ಬಿದ್ದ ಸದ್ದು, ಮತ್ತೆ ಮೌನ. ಆ ಮೌನದಲ್ಲಿ ನಾನು ಕಂಡ ಚಿತ್ರಗಳನ್ನು ಶತ್ರುವೂ ಕಾಣಬಾರದು. ಎದ್ದು ಬಾಗಿಲವರೆಗೆ ಹೋದೆ, ಒಳಗೆ ಮಾರುತಿಯ ಮೂರ್ತಿ ಕಂಡು ಕೈಮುಗಿದು ಹಿಂದೆ ಬಂದೆ. ಮತ್ತೆ ಧೊಪ್. ಮತ್ತೆ ಎದ್ದೆ.

ನಮ್ಮವರು ಹೊರಗೆ ಬಂದರು. ನೆಟ್ಟಗೇ ಬಂದರು. ಆದರೆ ತಿರುಗಿದಾಗ ಬಿಳಿ ಅಂಗಿಯ ಬೆನ್ನಿನ ಮೇಲೆ ಕೆಂಪಗೆ ಅಗಲವಾದ ಒಂದು ಅಂಗೈ ಗುರುತು. ರಕ್ತವೆಂದೇ ತಿಳಿದು ನಾನು ಸೆರಗಿನಿಂದ ಒರೆಸಲು ಹೋದೆ. ಅದು ಕೆಂಪು ಮಣ್ಣು. ತಾಲೀಮಿನ ಗುರು ಮೆಚ್ಚಿ ಬೆನ್ನು ತಟ್ಟಿದ್ದರಂತೆ.

ಗುರುವಿಗೆ ಅಲ್ಲಿ ವಸ್ತಾದ ಎನ್ನುತ್ತಾರೆ. ಭೈರೂ ವಸ್ತಾದ ನನ್ನ ಬಳಿಗೆ ಬಂದು ನಿಂತಾಗ ಬಿಸಿಲು ಮರೆಯಾಯಿತು. ಮೂಲ ಗಡಹಿಂಗ್ಲಜದ ಕಡೆಯ ಹಲಕರ್ಣಿಯವರು, ಕನ್ನಡ ಬರುತ್ತಿತ್ತು. “ತಂಗಿ, ನಿನ್ನ ಗಂಡ ಭಾಳ ಧೈರ್ಯದ ಮನಷ್ಯಾ ಬಿಡು. ನನ್ನ ತಾಲೀಮಿಗಿ ಬಂದು, ನಿಮ್ಮ ಪೈಲವಾನರಿಗಿ ಆಟ ಕಲಸ್ತೇನಿ ಅಂದವ ಇಲ್ಲೀತನಕಾ ಯಾಂವೂ ಇರಲಿಲ್ಲ,” ಎಂದರು. ಗಡಹಿಂಗ್ಲಜಕ್ಕೆ ಬರುವುದಾಗಿ ಒಪ್ಪಿದ್ದರು. ಒಂದೇ ಷರತ್ತು: ತಮ್ಮ ಹುಡುಗರಿಗೆ ಇದು ಗಂಡಸರ ಆಟ ಅನ್ನಿಸಿದರೆ ತಾಲೀಮಿನಲ್ಲೂ ಕಂಬ ನೆಡಿಸುತ್ತಾರೆ. ಅನ್ನಿಸದಿದ್ದರೆ ಈ ಆಟದ ಹೆಸರನ್ನು ಮತ್ತೆ ಎತ್ತಬಾರದು.

ಆ ಅಂಗಿಯನ್ನು ನಾನು ಎರಡು ಸಲ ಒಗೆದೆ. ಗುರುತು ಹೋಗಲಿಲ್ಲ.

ಗಡಹಿಂಗ್ಲಜ

ಹಿರಣ್ಯಕೇಶಿಯ ದಂಡೆಯ ಊರು ಗಡಹಿಂಗ್ಲಜ. ಬೆಲ್ಲದ ವಾಸನೆ, ಸಂತೆಯ ಗದ್ದಲ, ಮತ್ತು ಬಹಳ ದಿನದ ಮೇಲೆ ಕಿವಿ ತುಂಬ ಕನ್ನಡ. ಶಾಲೆಯ ಬಯಲಿನ ಸುತ್ತ ಬೆಳಗಿನಿಂದಲೇ ಜನ. ಹಲಗಿ ಬಾರಿಸುತ್ತಿದ್ದರು. ಕಂಬಗಳಿಗೆ ಹೂವಿನ ಹಾರ ಹಾಕಿ, ಬುಡದಲ್ಲಿ ಕಾಯಿ ಒಡೆದಿದ್ದರು. ಹೆಡ್‌ಮಾಸ್ತರು ನಮ್ಮನ್ನು ಎದುರುಗೊಂಡು, ನಮ್ಮವರ ಕೈಹಿಡಿದು ಬಯಲಿನ ಅಂಚಿಗೆ ಕರೆದೊಯ್ದರು.

“ನೆಲಾ ನೋಡ್ರಿ ಮಾಸ್ತರ್ರ. ಕೊಲ್ಲಾಪುರದ ಪೈಲವಾನರು ಬರ್ತಾರಂದ್ರ ಊರಾನ ಮಂದಿ ಸುಮ್ಮನ ಕೂಡ್ತಾರೇನ್ರಿ? ಗಟ್ಟಿ ನೆಲಾ ಎಲ್ಲಾ ಅಗದು ತಗದಾರ. ಕೆಂಪು ಮಣ್ಣ ಜರಡಿ ಹಿಡದು ಹಾಕ್ಯಾರ. ಎಣ್ಣಿ, ಮಜ್ಜಿಗಿ, ಅರಿಷಿಣ, ಲಿಂಬಿಹಣ್ಣಿನ ರಸ, ಎಲ್ಲಾ ಬರೋಬ್ಬರಿ ಕೂಡಿಸ್ಯಾರ. ಬಿದ್ರ ಹಾಸಗ್ಯಾಗ ಬಿದ್ದಂಗ.”

ನಿಜಕ್ಕೂ ಅದು ಹಾಸಿಗೆಯೇ. ಕುಸ್ತಿಯ ಕಣಕ್ಕೆ ಮಾಡುವ ಉಪಚಾರವನ್ನೆಲ್ಲ ಆ ಜನ ಇಡೀ ಬಯಲಿಗೆ ಮಾಡಿದ್ದರು. ನಮ್ಮವರು ಚೆಂಡನ್ನು ಕೈಯಿಂದ ಬಿಟ್ಟರು. ಅದು ಥಪ್ಪೆಂದು ಬಿದ್ದು ಬಿದ್ದಲ್ಲೇ ಕೂತಿತು. ಮತ್ತೆ ಎತ್ತಿ ಬಿಟ್ಟರು. ಮತ್ತೆ ಥಪ್.

“ಹಗೂರ ಬಿಟ್ರಿ. ಜೋರಲೆ ಒಗೀರಿ,” ಎಂದು ಹೆಡ್‌ಮಾಸ್ತರು ಸಹಾಯ ಮಾಡಿದರು.

ಈ ಆಟದಲ್ಲಿ ಚೆಂಡು ಹಿಡಿದವನು ಅದನ್ನು ನೆಲಕ್ಕೆ ಪುಟಿಸುತ್ತ ಹೋಗಬೇಕು, ಹಿಡಿದುಕೊಂಡು ಓಡುವ ಹಾಗಿಲ್ಲ. ಪುಟಿಯದ ನೆಲದಲ್ಲಿ ಅರ್ಧ ಆಟವೇ ಹೋಯಿತು. ಒಂದು ಗಳಿಗೆ ನನಗೆ ಸಂತೋಷವಾಯಿತು, ಅದನ್ನೇಕೆ ಮುಚ್ಚಿಡಲಿ? ಆಟ ನಿಂತಿತು, ದೇವರು ದೊಡ್ಡವನು ಎಂದುಕೊಂಡೆ. ಆದರೆ ಅಷ್ಟು ಪ್ರೀತಿಯಿಂದ ಹಾಳು ಮಾಡಿದ ನೆಲವನ್ನು ಹಾಳು ಎಂದು ಹೇಳಲು ನಮ್ಮವರಿಗೆ ಬಾಯಿ ಬರಲಿಲ್ಲ. “ಇವತ್ತು ಪುಟಿಸೋದು ಬೇಡ. ಕೈಯಿಂದ ಕೈಗೆ ಎಸೆದೇ ಆಡೋಣ,” ಎಂದುಬಿಟ್ಟರು.

ನಾನು ಶಾಲೆಯ ಪಡಸಾಲೆಯಲ್ಲಿ ಹೆಂಗಸರ ನಡುವೆ ನಿಂತೆ. ಶಿಳ್ಳೆ ಕೂಗಿತು. ಚೆಂಡು ಒಬ್ಬ ಪೈಲವಾನನ ಕೈಗೆ ಸಿಕ್ಕಿತು. ಅವನು ಅದನ್ನು ಕಂಕುಳಲ್ಲಿ ಇರುಕಿಕೊಂಡು, ಮೈಗೆ ಜೋತುಬಿದ್ದ ಹುಡುಗರನ್ನು ಎಳೆದುಕೊಂಡೇ ಕಂಬದತ್ತ ನಡೆದ. ನಮ್ಮವರು ಶಿಳ್ಳೆ ಊದಿ ತಡೆದರು. ಹಿಡಿದು ನಡೆಯಬಾರದು, ಜೊತೆಯವನಿಗೆ ಕೊಡಬೇಕು ಎಂದರು.

“ಹಿಡದದ್ದು ಕೊಡೂದಂದ್ರ ಹೆಂಗ್ರಿ?” ಎಂದು ಅವನು ಕೇಳಿದ. ಕುಚೇಷ್ಟೆಯಲ್ಲ, ಪಾಪ, ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಹಿಡಿದದ್ದನ್ನು ಬಿಡಬಾರದು ಎಂದು ತಾನೆ ಚಿಕ್ಕಂದಿನಿಂದ ಕಲಿತದ್ದು?

ಎರಡನೆಯ ಸಲ ಚೆಂಡು ಶಾಲೆಯ ಹುಡುಗನೊಬ್ಬನ ಕೈಯಲ್ಲಿತ್ತು. ಪುಟಿಸಲಾರದೆ ಅವನು ನಿಂತ. ನಿಂತವನನ್ನು ಇನ್ನೊಬ್ಬ ಪೈಲವಾನ ಸೊಂಟಕ್ಕೆ ಕೈಹಾಕಿ ಎತ್ತಿ, ಬೆನ್ನು ಮೇಲೇಳದಂತೆ ನೆಲಕ್ಕೆ ಒತ್ತಿ ಹಿಡಿದು, ವಸ್ತಾದರ ಮುಖ ನೋಡಿದ. ಬೆನ್ನು ಮಣ್ಣಿಗೆ ಮುಟ್ಟಿತ್ತು. ಕುಸ್ತಿಯಲ್ಲಿ ಅದೇ ಗೆಲುವು. ಜನರಿಂದ ಎದ್ದ ಕೇಕೆಗೆ ಪಡಸಾಲೆ ನಡುಗಿತು. ರುಮಾಲುಗಳು ಗಾಳಿಯಲ್ಲಿ ಹಾರಿದವು, ಹಲಗಿ ಬಡಿದದ್ದೇ ಬಡಿದದ್ದು. ನಮ್ಮವರ ಶಿಳ್ಳೆ ಯಾರಿಗೂ ಕೇಳಲಿಲ್ಲ.

ಆ ಹುಡುಗ ಹೆಗಲು ಹಿಡಿದುಕೊಂಡು ಹೊರಗೆ ಬಂದ. ಉಳಿದ ಹುಡುಗರಲ್ಲಿ ಯಾರೂ ಅವನ ಜಾಗಕ್ಕೆ ಹೋಗಲು ಒಪ್ಪಲಿಲ್ಲ. ವಸ್ತಾದರು ಎದ್ದು ನಿಂತರು. “ಜೋಡ ಮುರೀತ್ರಿ ಮಾಸ್ತರ್ರ. ಒಂದ ಕಡೆ ಐದು, ಒಂದ ಕಡೆ ನಾಕು. ಸರಿಜೋಡಿಲ್ಲದ ಆಟ ನಮ್ಮವರು ಆಡೂದಿಲ್ಲ. ಮುಗೀತು,” ಎಂದರು.

ನಮ್ಮವರು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ನನಗೆ ಗೊತ್ತಾಯಿತು. ಶಿಳ್ಳೆಯನ್ನು ಹೆಡ್‌ಮಾಸ್ತರ ಕೈಗೆ ಕೊಟ್ಟರು. ಕೋಟು ಬಿಚ್ಚಿದರು, ಮಡಿಸಿ ಕಂಬದ ಬುಡದಲ್ಲಿಟ್ಟರು. ಅಂಗಿಯ ಬೆನ್ನಿನ ಮೇಲೆ ಆ ಕೆಂಪು ಪಂಜಾ ಮಾಸಲಾಗಿ ಕಾಣುತ್ತಿತ್ತು. “ಈಗ ಜೋಡ ಸರಿಹೋಯ್ತಲ್ಲ?” ಎಂದರು.

ಆಗ ನನಗಾದದ್ದನ್ನು ಹೇಳುವುದು ಕಷ್ಟ. ಕಿವಿಯಲ್ಲಿ ಡಾಕ್ಟರ ಮಾತು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಆ ಎತ್ತಿ ಒತ್ತುವ ತೋಳು ಇವರ ಎದೆಗೆ ಬಿದ್ದರೆ, ನನ್ನನ್ನು ಯಾರು ರೈಲು ಹತ್ತಿಸುತ್ತಾರೆ, ಯಾವ ಭಾಷೆಯಲ್ಲಿ ನಾನು ಅಳುತ್ತೇನೆ ಎಂದು ಏನೇನೋ ಬಂತು. ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ಚಪ್ಪಲಿ ಬಿಟ್ಟು ಪಡಸಾಲೆಯಿಂದ ಇಳಿದೆ. ಕೂತ ಗಂಡಸರ ನಡುವೆ ದಾರಿ ಮಾಡಿಕೊಂಡು ನಡೆದೆ. ಜನ ನೋಡುತ್ತಿದ್ದರು. ಅಷ್ಟು ಗಂಡಸರ ನಡುವೆ ಒಂಟಿಯಾಗಿ ನಡೆದದ್ದು ಅದೇ ಮೊದಲು, ಅದೇ ಕೊನೆ.

“ವಸ್ತಾದರೇ,” ಎಂದೆ, “ಅವರ ಎದೆಯಲ್ಲಿ ಹೋದ ವರ್ಷ ನೀರು ತುಂಬಿತ್ತು. ಪೆಟ್ಟು ಬಿದ್ದರೆ ಉಳಿಯೋದಿಲ್ಲ ಅಂತ ಡಾಕ್ಟರು ಹೇಳಿದಾರೆ.”

ವಸ್ತಾದರು ಬಗ್ಗಿ ನನ್ನ ಮುಖ ನೋಡಿದರು. “ಮಾಸ್ತರ್ರು ಇದನ್ನ ನಮಗ ಹೇಳಲಿಲ್ಲಲಾ?”

“ಅವರು ಹೇಳೋದಿಲ್ಲ. ಅದಕ್ಕೇ ನಾನು ಬಂದೆ.”

“ಅಂಜಬ್ಯಾಡ ತಂಗಿ. ಜಖಂ ಆದ ಆಳಿಗಿ ನಮ್ಮ ತಾಲೀಮಿನವ ಕೈ ಹಚ್ಚೂದಿಲ್ಲ.” ಅವರು ಕಣದತ್ತ ತಿರುಗಿ ಮರಾಠಿಯಲ್ಲಿ ಒಂದು ಮಾತು ಹೇಳಿದರು. ಕೂಗಲೂ ಇಲ್ಲ. ನನಗೆ ಅರ್ಥವಾಗಲಿಲ್ಲ, ಪೈಲವಾನರಿಗೆ ಆಯಿತು.

ಆಟ ಮತ್ತೆ ಶುರುವಾಯಿತು. ಚೆಂಡು ನಮ್ಮವರ ಕೈಗೆ ಬಂತು. ಎದುರಿಗಿದ್ದ ಪೈಲವಾನ ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತ. ನಮ್ಮವರು ಹುಡುಗನೊಬ್ಬನಿಗೆ ಎಸೆದು ಮುಂದೆ ಓಡಿದರು. ಚೆಂಡು ಮತ್ತೆ ಅವರಿಗೆ ಬಂತು. ಇನ್ನೊಬ್ಬ ಸರಿದ, ಕೈಕಟ್ಟಿದ. ಅವನ ಹಿಂದಿನವನೂ ಸರಿದ. ಕಂಬದವರೆಗೆ ದಾರಿ ತೆರೆದುಕೊಂಡಿತು. ಹಲಗಿ ನಿಂತಿತು.

“ಯಾಕ ಬಿಟ್ರಪಾ ಮಾಸ್ತರನ್ನ?” ಎಂದು ಜನರಲ್ಲಿ ಯಾರೋ ಕೇಳಿದರು.

ನಮ್ಮವರು ಬಳೆಯ ಕೆಳಗೆ ನಿಂತಿದ್ದರು. ಪೈಲವಾನರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ವಸ್ತಾದರನ್ನು ನೋಡಿದರು. ಅವರ ಪಕ್ಕದಲ್ಲಿ, ಬರಿಗಾಲಲ್ಲಿ ನಿಂತ ನನ್ನನ್ನು ನೋಡಿದರು. ಅಷ್ಟು ದೂರದಿಂದಲೂ ಅವರ ಮುಖ ಇಳಿದದ್ದು ನನಗೆ ಕಂಡಿತು.

ಚೆಂಡು ಎಸೆದರು. ಬಳೆಯನ್ನು ಮುಟ್ಟದೆ, ಬಲೆಯನ್ನಷ್ಟೇ ಸವರಿಕೊಂಡು ಅದು ಕೆಳಗೆ ಇಳಿಯಿತು. ಅಷ್ಟು ಚೆಂದದ ಎಸೆತವನ್ನು ನಾನು ನೋಡಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದುರಾಳಿ ಬಿಟ್ಟುಕೊಟ್ಟ ಗೆಲುವಿಗೆ ಆ ಸೀಮೆಯಲ್ಲಿ ಚಪ್ಪಾಳೆ ಇಲ್ಲ.

ಥಪ್ಪೆಂದು ಬಿದ್ದ ಚೆಂಡನ್ನು ಅವರೇ ಎತ್ತಿಕೊಂಡರು, ಮಣ್ಣು ಒರೆಸಿದರು, ಹತ್ತಿರದ ಪೈಲವಾನನ ಕೈಗೆ ಕೊಟ್ಟರು. ಕೋಟು ಹಾಕಿಕೊಂಡು ಬಂದು ಪಡಸಾಲೆಯ ಮೆಟ್ಟಿಲ ಮೇಲೆ ಕೂತರು. ವಸ್ತಾದರು ತಮ್ಮವನೊಬ್ಬನನ್ನು ಹೊರಗೆ ಕರೆದು ಜೋಡ ಸರಿಮಾಡಿದರು. ಮುಂದೆ ನಡೆದದ್ದು ಒಳ್ಳೆಯ ಆಟ ಎಂದು ಅಪ್ಪಣ್ಣನವರು ಆಮೇಲೆ ಹೇಳಿದರು. ಹಿಡಿದದ್ದನ್ನು ಕೊಡುವುದು ಹೇಗೆ ಎಂದು ಕೇಳಿದವನೇ ಒಮ್ಮೆ ಕೊಟ್ಟ, ಕೊಟ್ಟದ್ದು ಬಳೆಯೊಳಗೆ ಬಿತ್ತು, ಅವನು ಮಗುವಿನ ಹಾಗೆ ಕುಣಿದ, ಜನರೂ ಕುಣಿದರು. ನಾನು ನೋಡಿದ್ದು ಮೆಟ್ಟಿಲ ಮೇಲಿನ ಬೆನ್ನನ್ನು ಮಾತ್ರ.

ಮುಗಿದ ಮೇಲೆ ವಸ್ತಾದರು ಬಂದು ಕೈಮುಗಿದರು. “ಮಾಸ್ತರ್ರ, ಗಂಡಸರ ಆಟ ಐತ್ರಿ ಇದು. ತಾಲೀಮಿನ ಹಿಂದ ಗಟ್ಟಿ ನೆಲ ಐತಿ, ಕಂಬ ನೆಡತೇವಿ. ಎಂಟು ದಿನ ನಿಂತು ಕಲಿಸಿ ಹೋಗ್ರಿ.”

ಇದನ್ನೇ ಕೇಳಲು ನಮ್ಮವರು ಅಷ್ಟು ದೂರ ಬಂದಿದ್ದರು. ಅವರು ಎಲ್ಲರೆದುರು ನನ್ನ ಕಡೆ ತಿರುಗಿದರು. “ಇವಳೇ, ನಿಲ್ಲಬಹುದಾ?” ಎಂದು ಕೇಳಿದರು.

ಮದುವೆಯಾದಂದಿನಿಂದ ಅವರು ನನ್ನನ್ನು ಯಾವುದಕ್ಕೂ ಅಪ್ಪಣೆ ಕೇಳಿದವರಲ್ಲ. ಕೊಂಕೂ ಇರಲಿಲ್ಲ ಆ ದನಿಯಲ್ಲಿ, ಸಿಟ್ಟೂ ಇರಲಿಲ್ಲ. “ನಿಮ್ಮಿಷ್ಟ,” ಎಂದೆ. “ಇನ್ನೊಮ್ಮೆ ಬರ್ತೀನಿ,” ಎಂದು ಅವರು ವಸ್ತಾದರಿಗೆ ಹೇಳಿ, ಹೆಡ್‌ಮಾಸ್ತರಿಂದ ಶಿಳ್ಳೆ ಇಸಿದುಕೊಂಡು, ಚೆಂಡಿನ ಜೊತೆ ಅದನ್ನೂ ಅವರಿಗೇ ಕೊಟ್ಟರು.

ಸಂಕೇಶ್ವರದ ದಾರಿ

ಬೆಳಗಾವಿಯಲ್ಲಿ ರೈಲು ಹಿಡಿಯಲು ಮರುದಿನ ಬೆಳಗ್ಗೆಯೇ ಮೋಟಾರು ಹತ್ತಿದೆವು. ಮಾಡಿದ್ದು ತಪ್ಪೆಂದು ನನಗೆ ಅನ್ನಿಸಿಲ್ಲ. ಈಗಲೂ ಅನ್ನಿಸಿಲ್ಲ. ಅದೇ ಬಯಲಿನಲ್ಲಿ ಅವರು ಮತ್ತೆ ಕೋಟು ಬಿಚ್ಚಿದರೆ ನಾನು ಮತ್ತೆ ಇಳಿದು ಹೋಗುತ್ತೇನೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ಮೈಸೂರು ಮುಟ್ಟುವುದರೊಳಗೆ ಎಲ್ಲ ಸರಿಹೋಗುತ್ತಿತ್ತು. ಅವರು ಬೈಯಲಿಲ್ಲ.

ಮೋಟಾರಿನ ಪಕ್ಕದ ಕ್ಯಾನ್‌ವಾಸ್ ಪರದೆಗಳನ್ನು ಇಳಿಬಿಟ್ಟು ಹಗ್ಗ ಬಿಗಿದಿದ್ದರು. ಒಳಗೆ ಬೀಡಿ ಹೊಗೆ, ಬೆಲ್ಲದ ಮೂಟೆಗಳು, ಉಸಿರು ಕಟ್ಟುವಷ್ಟು ಜನ. ಸಂಕೇಶ್ವರ ದಾಟಿದ ಮೇಲೆ ಅವರು ಮೊದಲ ಸಲ ಬಾಯಿ ತೆರೆದರು.

“ಇದನ್ನ ಸ್ವಲ್ಪ ಎತ್ತಬಹುದಾ?”

ಹೊರಗೆ ಮಂಜಿತ್ತು, ಗಾಳಿ ಕೊರೆಯುತ್ತಿತ್ತು. ಅವರ ಎದೆಗೆ ಅಂಥ ಗಾಳಿ ಆಗುವುದಿಲ್ಲ. ಬೇಡ ಎನ್ನಲು ಬಾಯಿಗೆ ಬಂದಿತ್ತು. ಅವರು ಕೈಯನ್ನು ಹಗ್ಗದ ಮೇಲಿಟ್ಟು, ಗಂಟು ಬಿಚ್ಚದೆ, ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.

“ಎತ್ತಿ,” ಎಂದೆ.

ಅವರು ಗಂಟು ಬಿಚ್ಚಿದರು. ಬೆಳಗಾವಿ ಬರುವವರೆಗೂ ಆ ಗಾಳಿ ಅವರ ಎದೆಗೆ ಹೊಡೆಯುತ್ತಿತ್ತು. ನಾನು ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.